ದೊಡ್ಡ ಸಿಕ್ಲಿಡ್ ಮೀನುಗಳ ಪಾಲನೆ: ತೊಟ್ಟಿಯ ಗಾತ್ರವನ್ನು ನಿರ್ಧರಿಸುವ ಕ್ರಮ

ಆಸ್ಕರ್, ಫ್ಲವರ್‌ಹಾರ್ನ್ ಮುಂತಾದ ಅಲಂಕಾರಿಕ ಮೀನುಗಳನ್ನು ಸಾಕುವ ಹವ್ಯಾಸವು ಇಂದು ಗ್ರಾಮೀಣ ಮನೆಗಳಲ್ಲಿಯೂ ಕಂಡುಬರುತ್ತಿದೆ. ಅಂಗಡಿಯಲ್ಲಿ ಎರಡು ಅಂಗುಲವಿರುವ ಆಸ್ಕರ್ ಮರಿಯು ಉತ್ತಮ ಆಹಾರ ದೊರೆತಲ್ಲಿ ಒಂದು ವರ್ಷದಲ್ಲಿ 20ರಿಂದ 25 ಸೆಂ.ಮೀ. ಬೆಳೆಯುತ್ತದೆ. ತೊಟ್ಟಿಯಲ್ಲಿ ಹಿಡಿಸದ ಮೀನನ್ನು ಹೊಳೆಗೆ ಬಿಟ್ಟುಬಿಡುವ ಯೋಚನೆ ಬರುವುದು ಆಗಲೇ. ಕಾವೇರಿಯ ದಂಡೆಯಲ್ಲಿರುವ ಕೊಣನೂರಿನಂತಹ ಊರಿನಲ್ಲಿ ಇದು ಕೇವಲ ಒಂದು ಮನೆಯ ವಿಷಯವಾಗಿ ಉಳಿಯುವುದಿಲ್ಲ. ಆದುದರಿಂದ ಮೀನು ಕೊಳ್ಳುವ ಮೊದಲೇ ತೊಟ್ಟಿಯ ಗಾತ್ರವನ್ನು ನಿರ್ಧರಿಸುವುದು ಅವಶ್ಯಕ.

ಜಗಳಗಂಟ ಸ್ವಭಾವಕ್ಕೆ ಕಾರಣ

ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು (ತಿಲಾಪಿಯ) ಕೂಡ ಸಿಕ್ಲಿಡ್ ಕುಟುಂಬಕ್ಕೇ ಸೇರಿದೆ. ಇದರ ಗಂಡು ಕೆರೆಯ ತಳದಲ್ಲಿ ಗುಂಡಿ ತೋಡಿ, ಹತ್ತಿರ ಬಂದ ಇತರ ಗಂಡುಗಳನ್ನು ಅಟ್ಟುತ್ತದೆ. ಆಸ್ಕರ್ ಮತ್ತು ಫ್ಲವರ್‌ಹಾರ್ನ್‌ಗಳೂ ಹೀಗೆಯೇ ತಮ್ಮ ಜಾಗವನ್ನು ಕಾಯುತ್ತವೆ. ಕೆರೆಯಲ್ಲಿ ಸೋತ ಮೀನು ದೂರ ಓಡಬಲ್ಲದು. ಗಾಜಿನ ತೊಟ್ಟಿಯಲ್ಲಿ ಓಡಲು ಸ್ಥಳವಿಲ್ಲದೆ ಗಾಯಗೊಂಡು ಸಾಯುತ್ತದೆ.

ಗಾತ್ರದ ಲೆಕ್ಕಾಚಾರ

ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಅಡಿಗಳಲ್ಲಿ ಅಳೆದು ಗುಣಿಸಿ, ಬಂದ ಸಂಖ್ಯೆಯನ್ನು 28.3ರಿಂದ ಗುಣಿಸಿದರೆ ಅದು ಹಿಡಿಯುವ ನೀರಿನ ಪ್ರಮಾಣ ಲೀಟರುಗಳಲ್ಲಿ ದೊರೆಯುತ್ತದೆ. ಮರಿಯ ಗಾತ್ರವನ್ನಲ್ಲ, ಪೂರ್ಣ ಬೆಳೆದ ಮೀನಿನ ಗಾತ್ರವನ್ನು ಗಮನದಲ್ಲಿರಿಸಬೇಕು.

• 2 × 1 × 1¼ ಅಡಿ (ಸುಮಾರು 70 ಲೀಟರ್): ಇದರಲ್ಲಿ ದೊಡ್ಡ ಸಿಕ್ಲಿಡ್‌ಗಳನ್ನು ಸಾಕಬಾರದು.
• 4 × 1½ × 1½ ಅಡಿ (ಸುಮಾರು 255 ಲೀಟರ್): ಒಂದೇ ಫ್ಲವರ್‌ಹಾರ್ನ್ ಅಥವಾ ಒಂದೇ ಆಸ್ಕರ್‌ಗೆ ಕನಿಷ್ಠ ಗಾತ್ರ.
• 6 × 2 × 2 ಅಡಿ (ಸುಮಾರು 680 ಲೀಟರ್): ಒಂದು ಜೊತೆ ಆಸ್ಕರ್‌ಗಳಿಗೆ ಸೂಕ್ತ.

30 ಸೆಂ.ಮೀ. ಉದ್ದದ ಮೀನು ಸಲೀಸಾಗಿ ತಿರುಗಲು ತೊಟ್ಟಿಯ ಎತ್ತರಕ್ಕಿಂತ ಉದ್ದ ಮತ್ತು ಅಗಲ ಮುಖ್ಯ. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ 255 ಲೀಟರಿನ ತೊಟ್ಟಿಗೆ ಗಟ್ಟಿಯಾದ, ಸಮತಟ್ಟಾದ ಕಟ್ಟೆ ಬೇಕು. ಈ ಮೀನುಗಳು ಜಿಗಿಯುವುದರಿಂದ ಭದ್ರವಾದ ಮುಚ್ಚಳವನ್ನೂ ಹಾಕಬೇಕು.

ನೀರಿನ ನಿರ್ವಹಣೆ

ಮೀನು ವಿಸರ್ಜಿಸುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಹೊಲದ ಮಣ್ಣಿನಲ್ಲಿ ನಡೆಯುವ ಕ್ರಿಯೆಯೂ ಇದೇ. ಹೊಸ ಫಿಲ್ಟರ್‌ನಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸಿ, ತೆಗೆದ ನೀರನ್ನು ತೆಂಗು ಅಥವಾ ಕೈತೋಟಕ್ಕೆ ಹಾಯಿಸಬಹುದು. ಆದರೆ ಉಪ್ಪು ಅಥವಾ ಔಷಧ ಬೆರೆಸಿದ ನೀರನ್ನು ಗಿಡಗಳಿಗೆ ಹಾಕಬಾರದು. ನಲ್ಲಿ ನೀರಿನ ಕ್ಲೋರಿನ್ ಅಂಶವನ್ನು ನಿವಾರಿಸಿದ ನಂತರವೇ ಬಳಸಬೇಕು. ನೀರಿನ ಉಷ್ಣತೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕಾದುದರಿಂದ ಚಳಿಗಾಲದಲ್ಲಿ ಹೀಟರ್ ಅಗತ್ಯ.

ತಂಬಾಕು, ಆಲೂಗೆಡ್ಡೆ ಬೆಳೆಗಳಿಗೆ ಔಷಧಿ ಬೆರೆಸಿದ ಬಕೆಟ್ಟನ್ನು ಎಷ್ಟೇ ತೊಳೆದಿದ್ದರೂ ತೊಟ್ಟಿಗೆ ನೀರು ತುಂಬಲು ಬಳಸಕೂಡದು. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನುಗಳಿಗೆ ಮಾರಕ.

ಹೊಳೆಗೆ ಬಿಡಬೇಡಿ

ಆಫ್ರಿಕಾ ಮೂಲದ ಜಿಲೇಬಿ ಮೀನನ್ನು 1952ರಲ್ಲಿ ಭಾರತಕ್ಕೆ ತರಲಾಯಿತು. ಇಂದು ಅದು ಕೆರೆ, ಜಲಾಶಯಗಳಲ್ಲೆಲ್ಲ ಹರಡಿದ್ದು, ಅದನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ. ಕೊಣನೂರಿಗೆ ಸಮೀಪದ ರಾಮನಾಥಪುರದಲ್ಲಿ ಕಾವೇರಿಯ ಮಹಶೀರ್ ಮೀನುಗಳನ್ನು ಜನರು ಭಕ್ತಿಯಿಂದ ಕಾಪಾಡಿಕೊಂಡು ಬಂದಿದ್ದಾರೆ. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿದೆ. ಸಣ್ಣ ಮೀನುಗಳನ್ನೂ ಮರಿಗಳನ್ನೂ ತಿನ್ನುವ ಮತ್ತೊಂದು ಪರದೇಶಿ ಮೀನನ್ನು ಈ ಹೊಳೆಗೆ ಸೇರಿಸುವುದು ತರವಲ್ಲ.

ಸಾಕಲಾಗದ ಮೀನನ್ನು ಅಂಗಡಿಗೆ ಹಿಂದಿರುಗಿಸಬೇಕು ಅಥವಾ ದೊಡ್ಡ ತೊಟ್ಟಿಯಿರುವವರಿಗೆ ಕೊಡಬೇಕು. ಕೃಷಿ ಹೊಂಡಕ್ಕೂ ಬಿಡಬಾರದು. ಮಳೆಗಾಲದಲ್ಲಿ ಹೊಂಡ ಕೋಡಿ ಹರಿದರೆ ಮೀನು ಹಳ್ಳದ ಮೂಲಕ ಹೊಳೆ ಸೇರುತ್ತದೆ. ನಾಲ್ಕು ಅಡಿ ಉದ್ದದ ತೊಟ್ಟಿಗೆ ಮನೆಯಲ್ಲಿ ಸ್ಥಳವಿಲ್ಲದವರು ಗಪ್ಪಿ, ಮೋಲಿಯಂತಹ ಸಣ್ಣ ಮೀನುಗಳನ್ನು ಆರಿಸಿಕೊಳ್ಳುವುದು ಸೂಕ್ತ. ಅವುಗಳನ್ನೂ ಹೊರಗಿನ ನೀರಿಗೆ ಬಿಡಬಾರದು.