ಕಾರ್ಡ್ ವಂಚನೆಯ ಆರೋಪ: ಬಂಧನದ ನಂತರ ಜಾಮೀನಿನ ದಾರಿ

ದೊಡ್ಡಬಳ್ಳಾಪುರದ ಸೀರೆ ಅಂಗಡಿ, ಹೊಸಕೋಟೆಯ ಬಿಡಿಭಾಗಗಳ ಮಳಿಗೆ, ದೇವನಹಳ್ಳಿಯ ವಿಮಾನ ನಿಲ್ದಾಣ ರಸ್ತೆಯ ಹೋಟೆಲು, ನೆಲಮಂಗಲದ ಟಯರ್ ಅಂಗಡಿ ಎಲ್ಲಿಯೇ ಆಗಲಿ, ಸ್ವೈಪಿಂಗ್ ಯಂತ್ರವಿಲ್ಲದ ಗಲ್ಲಾ ಇಂದು ವಿರಳ. ಆ ಯಂತ್ರದೊಡನೆ ಒಂದು ಹೊಸ ಅಪಾಯವೂ ಒಳಬಂದಿದೆ. ಕದ್ದ ಕಾರ್ಡಿನಿಂದ ಯಾರೋ ಸರಕು ಕೊಂಡರೆ ತನಿಖೆಯ ಜಾಡು ಮೊದಲು ತಲುಪುವುದು ಹಣ ಜಮೆಯಾದ ಖಾತೆಯನ್ನು. ಗಿರಾಕಿ ಕಣ್ಮರೆಯಾಗಿರುತ್ತಾನೆ, ವರ್ತಕನಾದರೋ ತನ್ನ ಹೆಸರು, ವಿಳಾಸ, ಜಿ.ಎಸ್.ಟಿ. ಸಂಖ್ಯೆಗಳ ಸಮೇತ ಅಲ್ಲಿಯೇ ಕುಳಿತಿರುತ್ತಾನೆ.

ಏಕಮಾಲೀಕತ್ವದ ಸಂಸ್ಥೆಯಲ್ಲಿ ಇದರ ಪರಿಣಾಮ ತೀವ್ರವಾದುದು. ಮಾಲೀಕನ ಸಹಿಯಿಲ್ಲದೆ ಚೆಕ್ಕು ಹೊರಡದು, ವಾರದ ಬಟವಾಡೆ ನಿಲ್ಲುತ್ತದೆ, ಜಿ.ಎಸ್.ಟಿ. ವಿವರಪಟ್ಟಿಯ ಗಡುವು ಮೀರುತ್ತದೆ. ಆದುದರಿಂದ ಜಾಮೀನು ಎಷ್ಟು ದಿನಗಳಲ್ಲಿ ದೊರೆಯುತ್ತದೆಂಬುದು ಮಾನದ ಪ್ರಶ್ನೆ ಮಾತ್ರವಲ್ಲ, ಉದ್ಯಮದ ಉಳಿವಿನ ಪ್ರಶ್ನೆಯೂ ಹೌದು.

ಬಂಧುಗಳು ಗಾಬರಿಯಲ್ಲಿ ಮರೆಯುವ ಮೊದಲ ಕೆಲಸವೆಂದರೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಪಡೆದು, ಅದರಲ್ಲಿ ಯಾವ ಕಲಂಗಳನ್ನು ಬರೆಯಲಾಗಿದೆ ಎಂದು ನೋಡುವುದು. ಎಲ್ಲವೂ ಇದರ ಮೇಲೆ ನಿಂತಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ (ಇನ್ನೊಬ್ಬರ ಗುರುತಿನ ದುರ್ಬಳಕೆ) ಮತ್ತು 66ಡಿ (ಕಂಪ್ಯೂಟರ್ ಮೂಲಕ ಸೋಗು ಹಾಕಿ ವಂಚನೆ) ಕಲಂಗಳು 2009ರ ಅಕ್ಟೋಬರ್ 27ರಂದು ಜಾರಿಗೆ ಬಂದವು. ಎರಡಕ್ಕೂ ಗರಿಷ್ಠ ಶಿಕ್ಷೆ ಮೂರು ವರ್ಷ. ಅದೇ ಕಾಯ್ದೆಯ 77ಬಿ ಕಲಮಿನಂತೆ ಇವೆರಡೂ ಜಾಮೀನು ಪಡೆಯಬಹುದಾದ ಅಪರಾಧಗಳು. ಇವಿಷ್ಟೇ ಇದ್ದರೆ ಜಾಮೀನು ಆರೋಪಿಯ ಹಕ್ಕು. ಠಾಣೆಯಲ್ಲಿಯೇ ಮುಚ್ಚಳಿಕೆ ಬರೆದುಕೊಟ್ಟು ಹೊರಬರಬಹುದು.

ಆದರೆ ವರದಿ ಇಷ್ಟಕ್ಕೆ ನಿಲ್ಲುವುದು ಅಪರೂಪ. ಹಳೆಯ ದಂಡ ಸಂಹಿತೆಯ 420ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318(4) ಆಗಿದೆ. ಏಳು ವರ್ಷಗಳವರೆಗೆ ಶಿಕ್ಷೆಯುಳ್ಳ ಈ ಕಲಂ ಜಾಮೀನುರಹಿತ. ಇದೊಂದು ಸೇರಿದರೆ ಠಾಣೆಯ ಬಾಗಿಲಿನಿಂದ ನ್ಯಾಯಾಲಯದ ಬಾಗಿಲಿಗೆ ಹೋಗಲೇಬೇಕು. ಬೆಲೆಯುಳ್ಳ ಭದ್ರತಾ ಪತ್ರದ ಖೋಟಾ ಸೃಷ್ಟಿ ಎಂಬ 338ನೇ ಕಲಂ ಸೇರಿದಲ್ಲಿ ಅದಕ್ಕೆ ಜೀವಾವಧಿಯವರೆಗೂ ಶಿಕ್ಷೆಯಿರುವುದರಿಂದ ದಂಡಾಧಿಕಾರಿಗಳು ಜಾಮೀನು ನೀಡಲು ಹಿಂಜರಿಯುತ್ತಾರೆ. ಸತ್ರ ನ್ಯಾಯಾಲಯಕ್ಕೆ ಹೋಗುವುದೇ ವಾಡಿಕೆ. ಸಂಘಟಿತ ಅಪರಾಧದ 111ನೇ ಕಲಂ ಬಂದರಂತೂ ದಾರಿ ಇನ್ನೂ ದೀರ್ಘ. ಕಲಂಗಳನ್ನು ಧಾರಾಳವಾಗಿ ಸೇರಿಸುವ ಪ್ರವೃತ್ತಿ ಠಾಣೆಗಳಲ್ಲಿ ಇದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಘಟನೆಯ ವಿವರಕ್ಕೆ ಹೊಂದದ ಕಲಮನ್ನು ಜಾಮೀನು ಅರ್ಜಿಯಲ್ಲಿಯೇ ಪ್ರಶ್ನಿಸಲು ವಕೀಲರಿಗೆ ಹೇಳಬೇಕು.

ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನವೇ ಮೊದಲ ಹೆಜ್ಜೆಯಾಗಬಾರದೆಂದು ಸರ್ವೋಚ್ಚ ನ್ಯಾಯಾಲಯವು 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿತು. 2022ರ ಸತೇಂದರ್ ಕುಮಾರ್ ಅಂತಿಲ್ ತೀರ್ಪಿನಲ್ಲಿ ಅದನ್ನೇ ಬಲಪಡಿಸಿತು. ಬಂಧನ ಅಗತ್ಯವಿಲ್ಲದೆಡೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3) ಕಲಮಿನಂತೆ ಹಾಜರಾಗಲು ನೋಟಿಸು ಕೊಡಬೇಕು. ನೋಟಿಸು ಬಂದಾಗ ಅಂಗಡಿಗೆ ಬೀಗ ಹಾಕಿ ಊರು ಬಿಡುವವರಿದ್ದಾರೆ. ಇದಕ್ಕಿಂತ ಹಾನಿಕರವಾದುದು ಬೇರಿಲ್ಲ. ಬಂಧಿಸಲು ಕಾನೂನುಸಮ್ಮತ ಕಾರಣವನ್ನು ತಾವಾಗಿಯೇ ಒದಗಿಸಿದಂತೆ ಆಗುತ್ತದೆ. ದಾಖಲೆಗಳೊಡನೆ ಹಾಜರಾಗಿ ಸ್ವೀಕೃತಿ ಪಡೆಯುವುದೇ ಲೇಸು. ಬಂಧನದ ಭೀತಿ ನಿಜವಾಗಿದ್ದರೆ 482ನೇ ಕಲಮಿನಡಿ ಸತ್ರ ನ್ಯಾಯಾಲಯದಲ್ಲಿ ಅಥವಾ ಉಚ್ಚ ನ್ಯಾಯಾಲಯದಲ್ಲಿ ನಿರೀಕ್ಷಣಾ ಜಾಮೀನು ಕೋರಬಹುದು.

ಕಾರ್ಡ್ ವಂಚನೆಯಲ್ಲಿ ದೂರು ಹೊರರಾಜ್ಯದಲ್ಲಿ ದಾಖಲಾಗುವುದು ಸಾಮಾನ್ಯ. ಕಾರ್ಡುದಾರ ಜೈಪುರದಲ್ಲಿ, ಸರಕು ಕೊಟ್ಟವನು ಡಾಬಸ್‌ಪೇಟೆಯಲ್ಲಿ. ಇಂತಹವರಿಗೆ ನೆರವಾಗುವುದು ನಮ್ಮ ರಾಜ್ಯದಿಂದಲೇ ಹೋದ ಪ್ರಿಯಾ ಇಂದೋರಿಯಾ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣ. ಅದು ಕೌಟುಂಬಿಕ ವ್ಯಾಜ್ಯ: ದೂರು ದಾಖಲಾದುದು ರಾಜಸ್ಥಾನದಲ್ಲಿ, ನಿರೀಕ್ಷಣಾ ಜಾಮೀನು ದೊರೆತುದು ಬೆಂಗಳೂರಿನಲ್ಲಿ. ಹೊರರಾಜ್ಯದ ಪ್ರಕರಣದಲ್ಲಿಯೂ ಇಲ್ಲಿನ ಸತ್ರ ನ್ಯಾಯಾಲಯ ಅಥವಾ ಉಚ್ಚ ನ್ಯಾಯಾಲಯ ಸೀಮಿತ ಅವಧಿಯ ರಕ್ಷಣೆ ನೀಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2023ರ ನವೆಂಬರ್ 20ರಂದು ತೀರ್ಮಾನಿಸಿತು. ಆ ಅವಧಿಯೊಳಗೆ ಅಲ್ಲಿನ ನ್ಯಾಯಾಲಯಕ್ಕೆ ಹೋಗಬೇಕು.

ಬಂಧನವಾಗಿಬಿಟ್ಟರೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ದಂಡಾಧಿಕಾರಿಗಳ ಮುಂದೆ ಹಾಜರುಪಡಿಸಬೇಕು. ಜಿಲ್ಲೆಯ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಪ್ರಥಮ ದರ್ಜೆ ದಂಡಾಧಿಕಾರಿಗಳ ನ್ಯಾಯಾಲಯಗಳಿವೆ. ಅಲ್ಲಿ ಅರ್ಜಿ ತಿರಸ್ಕೃತವಾದರೆ ಸತ್ರ ನ್ಯಾಯಾಲಯ, ನಂತರ ಉಚ್ಚ ನ್ಯಾಯಾಲಯ. ಸ್ಥಿರವಾದ ಅಂಗಡಿ, ಕುಟುಂಬ, ತೆರಿಗೆ ಪಾವತಿಯ ದಾಖಲೆ ಇವು ಆರೋಪಿ ಪರಾರಿಯಾಗನು ಎಂಬುದಕ್ಕೆ ವರ್ತಕನು ತೋರಿಸಬಲ್ಲ ಬಲವಾದ ಆಧಾರಗಳು. ವ್ಯಾಪಾರ ಪರವಾನಗಿ ಮತ್ತು ಜಿ.ಎಸ್.ಟಿ. ನೋಂದಣಿ ಪತ್ರವನ್ನು ಅರ್ಜಿಯೊಡನೆ ಲಗತ್ತಿಸಬೇಕು.

ಜಾಮೀನಿನ ಆದೇಶವಾದ ಮೇಲೂ ಅನೇಕರು ದಿನಗಟ್ಟಲೆ ಒಳಗೇ ಉಳಿಯುವುದು ಜಾಮೀನುದಾರರು ಸಿಗದ ಕಾರಣದಿಂದ. ನಮ್ಮ ಭಾಗದಲ್ಲಿ ಬಂಧುವೊಬ್ಬರ ಪಹಣಿ ಮತ್ತು ಗುರುತಿನ ಚೀಟಿ ಹಿಡಿದು ಹೋಗುವುದು ರೂಢಿ. ಪಹಣಿಯಲ್ಲಿನ ಹೆಸರು, ಆಧಾರ್‌ನಲ್ಲಿನ ಹೆಸರು ಒಂದೇ ಇರಬೇಕು; ತೀರಿಕೊಂಡ ತಂದೆಯ ಹೆಸರಿನಲ್ಲಿಯೇ ಜಮೀನು ಉಳಿದಿದ್ದರೆ ಉಪಯೋಗವಿಲ್ಲ. ನ್ಯಾಯಾಲಯದ ಆವರಣದಲ್ಲಿ ಹಣಕ್ಕೆ ಜಾಮೀನು ನಿಲ್ಲುವವರ ಸಹವಾಸವಂತೂ ಬೇಡವೇ ಬೇಡ. ನಕಲಿ ದಾಖಲೆ ಬಯಲಾದರೆ ಜಾಮೀನು ರದ್ದಾಗುವುದಲ್ಲದೆ ಹೊಸದೊಂದು ಮೊಕದ್ದಮೆ ಹೂಡಲ್ಪಡುತ್ತದೆ. ಹಲವು ರಾಜ್ಯಗಳಲ್ಲಿ ಪ್ರಕರಣಗಳಿದ್ದು ಪ್ರತಿಯೊಂದಕ್ಕೂ ಬೇರೆ ಜಾಮೀನುದಾರರನ್ನು ತರಲಾಗದಿದ್ದರೆ, 2024ರ ಗಿರೀಶ್ ಗಾಂಧಿ ತೀರ್ಪನ್ನು ಉಲ್ಲೇಖಿಸಬಹುದು. 13 ಪ್ರಕರಣಗಳಲ್ಲಿ ಜಾಮೀನು ಸಿಕ್ಕಿಯೂ ಸೆರೆಯಲ್ಲಿದ್ದ ವ್ಯಕ್ತಿಗೆ ಅದೇ ಜಾಮೀನುದಾರರು ಹಲವು ಪ್ರಕರಣಗಳಲ್ಲಿ ನಿಲ್ಲಬಹುದೆಂದು ಅಲ್ಲಿ ಅವಕಾಶ ನೀಡಲಾಯಿತು.

ವಿವಾದದ ಮೊತ್ತವನ್ನು ಠೇವಣಿ ಇಟ್ಟರೆ ಮಾತ್ರ ಜಾಮೀನು ಎಂಬ ಷರತ್ತು ಬಂದರೆ ಕೂಡಲೇ ಒಪ್ಪಬೇಕಾಗಿಲ್ಲ. ಜಾಮೀನು ವಿಚಾರಣೆ ಹಣ ವಸೂಲಿಯ ವೇದಿಕೆಯಲ್ಲವೆಂದು 2023ರ ರಮೇಶ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ನೂಲು ಖರೀದಿಗೆ ಸೂರತ್ತಿಗೆ ಹೋಗಬೇಕಾದವರು ಪ್ರಯಾಣದ ಅನುಮತಿಯನ್ನು ಮೊದಲ ಅರ್ಜಿಯಲ್ಲಿಯೇ ಕೇಳುವುದು ಒಳಿತು. ದೋಷಾರೋಪಣಾ ಪಟ್ಟಿ 60 ದಿನಗಳಲ್ಲಿ, ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ 90 ದಿನಗಳಲ್ಲಿ, ಸಲ್ಲಿಕೆಯಾಗದಿದ್ದರೆ ಜಾಮೀನು ಹಕ್ಕಾಗುತ್ತದೆ. ಆದರೆ ಪಟ್ಟಿ ಸಲ್ಲಿಕೆಯಾಗುವ ಮೊದಲೇ ಅರ್ಜಿ ಹಾಕಿರಬೇಕು.

ಇಲ್ಲಿಯವರೆಗಿನ ಮಾತು ನಿರ್ದೋಷಿ ವರ್ತಕನಿಗೆ. ಶೇಕಡಾ ಎರಡು ಮೂರರ ಆಸೆಗೆ ಸರಕಿಲ್ಲದೆ ಕ್ರೆಡಿಟ್ ಕಾರ್ಡ್ ಉಜ್ಜಿ ನಗದು ಕೊಡುವವರದು ಬೇರೆ ಕಥೆ. ಕಾರ್ಡು ಕದ್ದದ್ದೆಂದು ತಿಳಿದಿರಲಿಲ್ಲ ಎಂಬ ಅವರ ಮಾತಿಗೆ, ಮಾರಾಟವೇ ನಡೆಯದ ಬಿಲ್ಲು ಎದುರು ಸಾಕ್ಷಿಯಾಗುತ್ತದೆ.

ನಿಜವಾದ ಮಾರಾಟಕ್ಕೆ ದಾಖಲೆಯ ಬಲ ಎಷ್ಟೆಂಬುದಕ್ಕೆ ಹಳೆಯ ಸೋನಿ ಸಂಬಂಧ್ ಪ್ರಕರಣ ನಿದರ್ಶನ. 2002ರಲ್ಲಿ ನೋಯ್ಡಾದ ಕಾಲ್ ಸೆಂಟರ್ ನೌಕರನೊಬ್ಬ ಅಮೆರಿಕದ ಗ್ರಾಹಕರ ಕಾರ್ಡ್ ಸಂಖ್ಯೆಯಿಂದ ಟಿ.ವಿ. ಮತ್ತು ಹೆಡ್‌ಫೋನ್ ತರಿಸಿಕೊಂಡಿದ್ದ. ಸರಕು ಒಪ್ಪಿಸುವಾಗ ತೆಗೆದಿದ್ದ ಛಾಯಾಚಿತ್ರ ಸಂಸ್ಥೆಯ ಬಳಿ ಇತ್ತು. ಆತನ ಅಪರಾಧ ಸಾಬೀತಾಯಿತು. ವಯಸ್ಸು ಹಾಗೂ ಮೊದಲ ತಪ್ಪೆಂಬುದನ್ನು ಗಣಿಸಿ ನ್ಯಾಯಾಲಯ ಒಂದು ವರ್ಷದ ಪ್ರೊಬೇಷನ್ ಮೇಲೆ ಬಿಟ್ಟಿತು. ನಮ್ಮ ವರ್ತಕರೂ ಬಿಲ್ಲು, ಚಾರ್ಜ್ ಸ್ಲಿಪ್, ಇ-ವೇ ಬಿಲ್ ಜೋಡಿಸಿಡಬೇಕು. ಕ್ಯಾಮೆರಾ ದೃಶ್ಯಗಳು ಕೆಲವೇ ವಾರಗಳಲ್ಲಿ ತಾವಾಗಿ ಅಳಿಸಿಹೋಗುವುದರಿಂದ, ಬ್ಯಾಂಕಿನಿಂದ ವಿವಾದದ ಪತ್ರ ಬಂದ ದಿನವೇ ಪ್ರತಿ ತೆಗೆಸಿ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದೊಡನೆ ವಕೀಲರಿಗೆ ಒಪ್ಪಿಸತಕ್ಕದ್ದು.