ರೈಲಿನ ಚೈನ್ ಎಳೆಯುವ ಮುನ್ನ

ಅರಸೀಕೆರೆ ಜಂಕ್ಷನ್‌ನಲ್ಲಿ ರೈಲು ಹೊರಟ ಮೇಲೆ, ತಡವಾಗಿ ಓಡಿಬರುವ ಗೆಳೆಯನಿಗಾಗಿ ಚೈನ್ ಎಳೆಯುವವರನ್ನು ನಾನು ನೋಡಿದ್ದೇನೆ. ಎಳೆದ ಕೂಡಲೇ ಬ್ರೇಕ್ ಪೈಪಿನ ಗಾಳಿ ಹೊರಬಿದ್ದು ಬ್ರೇಕ್ ಹಿಡಿಯುತ್ತದೆ. ಎಳೆದ ಬೋಗಿಯನ್ನು ಸಿಬ್ಬಂದಿ ಹುಡುಕಿ ಸರಿಪಡಿಸಿದ ಮೇಲೆಯೇ ರೈಲು ಮುಂದೆ ಹೋಗುವುದು. ಬೆಂಗಳೂರು, ಹುಬ್ಬಳ್ಳಿ, ಹಾಸನದ ಹಳಿಗಳು ಕೂಡುವ ನಮ್ಮೂರಿನಲ್ಲಿ ಇದರಿಂದ ಹಿಂದಿನ ರೈಲೂ ತಡವಾಗಬಹುದು. ಅದರಲ್ಲಿ ಆಸ್ಪತ್ರೆಗೆ ಹೊರಟವರಿರಬಹುದು.

1989ರ ರೈಲ್ವೆ ಕಾಯ್ದೆಯ 141ನೇ ಸೆಕ್ಷನ್ ಪ್ರಕಾರ, ತಕ್ಕ ಕಾರಣವಿಲ್ಲದೆ ಎಳೆದರೆ ಒಂದು ವರ್ಷದವರೆಗೆ ಜೈಲು, 1000 ರೂಪಾಯಿವರೆಗೆ ದಂಡ ಅಥವಾ ಎರಡೂ. ಎರಡನೇ ಸಲ ತಪ್ಪಿತಸ್ಥರಾದರೆ ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳು ಜೈಲು.

ಬೆಂಕಿ ಕಂಡರೆ, ಯಾರಾದರೂ ಕೆಳಗೆ ಬಿದ್ದರೆ ಹಿಂಜರಿಯದೆ ಎಳೆಯಿರಿ. ಬೇರೆ ನೆರವಿಗೆ 139ಕ್ಕೆ ಕರೆ ಮಾಡಿ. ತಡವಾದ ಗೆಳೆಯ ಮುಂದಿನ ರೈಲಿಗೆ ಬರಲಿ.