ಅನಾಟಮಿ ಅಂದ್ರೆ ಅಳು ಯಾಕೆ?

‘ಚಿಕ್ಕಮ್ಮ, ನಾನು ಕಲಿಯೋಕೆ ಬಂದಿರೋದು ಲ್ಯಾಬ್ ಕೆಲಸ. ಮಣಿಕಟ್ಟಿನ ಎಂಟು ಮೂಳೆಗಳ ಹೆಸರು ಬಾಯಿಪಾಠ ಮಾಡಿ ನಂಗೇನಾಗಬೇಕು?’

ಹಾಸ್ಟೆಲಿನಿಂದ ಫೋನ್ ಮಾಡಿದ್ದ ಅಕ್ಕನ ಮಗಳ ದನಿಯಲ್ಲಿ ಅಳುವಿತ್ತು. ಪಿಯುಸಿಯಲ್ಲಿ ಸೈನ್ಸ್ ಓದಿ, ಮೆಡಿಕಲ್ ಸೀಟಿನ ಆಸೆ ಕೈಗೂಡದೆ, ಬಿಎಸ್ಸಿ ಮೆಡಿಕಲ್ ಲ್ಯಾಬೊರೇಟರಿ ಟೆಕ್ನಾಲಜಿ ಸೇರಿದ್ದಾಳೆ. ಮೊದಲ ಇಂಟರ್ನಲ್ಸ್‌ನಲ್ಲೇ ಅನಾಟಮಿ ಢಮಾರ್! ಆ ಕಡೆ ಅಕ್ಕನದು ಇನ್ನೊಂದು ರಾಗ. ‘ರಕ್ತ ತೆಗೆಯೋಕೆ ಅಷ್ಟೆಲ್ಲ ಯಾಕೆ ಓದಬೇಕೇ? ಆಗದಿದ್ರೆ ಬಿಟ್ಟು ಬರ್ಲಿ, ಬಿಕಾಂಗೆ ಸೇರಿಸ್ತೀನಿ.’

ಇಂಥ ಮಾತು ಈಗ ಎಷ್ಟೋ ಮನೆಗಳಲ್ಲಿ ಕೇಳುತ್ತದೆ. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಎಂದು ಹತ್ತಾರು ಕೋರ್ಸುಗಳಿವೆ, ಹೆಣ್ಣುಮಕ್ಕಳೂ ದಂಡಿಯಾಗಿ ಸೇರುತ್ತಿದ್ದಾರೆ. ಮಿಷನ್ ನಡೆಸುವುದನ್ನು ಕಲಿತರೆ ಮುಗಿಯಿತು ಎಂದುಕೊಂಡು ಬಂದವರಿಗೆ ಮೊದಲ ವರ್ಷದ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ ಕಬ್ಬಿಣದ ಕಡಲೆಯಂತೆ ಕಾಣುತ್ತವೆ.

ನಾನೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದವಳೇ. ಲ್ಯಾಬ್ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ವಾರ್ಡಿನಿಂದ ಬಂದ ಒಬ್ಬ ಅಜ್ಜನ ರಕ್ತದಲ್ಲಿ ಪೊಟ್ಯಾಸಿಯಂ 9ರ ಮೇಲೆ ಬಂತು. ಇರಬೇಕಾದ್ದು ಸುಮಾರು 3.5ರಿಂದ 5. ಅಷ್ಟು ಏರಿದರೆ ಹೃದಯ ನಿಂತೇ ಹೋಗಬಹುದು. ಮಿಷನ್ ಸರಿಯಾಗೇ ಇತ್ತು. ನಾನು ರಿಪೋರ್ಟ್ ಬರೆದು ಕಳಿಸಲು ಎದ್ದೆ. ಹಿರಿಯ ಮೇಡಂ ಒಬ್ಬರು ಕಾಗದ ಇಸಕೊಂಡು, ‘ಕ್ಯಾಲ್ಸಿಯಂ ಎಷ್ಟಿದೆ ನೋಡಮ್ಮಾ’ ಅಂದರು. ಪಾತಾಳಕ್ಕಿಳಿದಿತ್ತು! ‘ಈ ಎರಡೂ ನಿಜವಾಗಿದ್ರೆ ಆ ಅಜ್ಜ ಎದ್ದು ಕೂತಿರೋಕೆ ಸಾಧ್ಯಾನಾ? ವಾರ್ಡಿಗೆ ಹೋಗಿ ನೋಡ್ಕೊಂಡು ಬಾ.’ ಹೋದೆ. ಅಜ್ಜ ಕಾಫಿ ಕುಡಿಯುತ್ತಾ ಕೂತಿದ್ದರು.

ಆಗಿದ್ದಿಷ್ಟೇ. ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲದೆ ಬಂದಿತ್ತು. ಯಾರೋ ನೇರಳೆ ಮುಚ್ಚಳದ ಟ್ಯೂಬಿನಿಂದ ಸ್ವಲ್ಪ ಸುರಿದು ಸರಿ ಮಾಡಿದ್ದರು. ರಕ್ತ ಹೆಪ್ಪುಗಟ್ಟದಿರಲೆಂದು ನೇರಳೆ ಟ್ಯೂಬಿನಲ್ಲಿ ಇಡಿಟಿಎ ಎಂಬ ಪೊಟ್ಯಾಸಿಯಂ ಲವಣ ಹಾಕಿರುತ್ತಾರೆ. ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಂ ಅನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಒಂದು ಏರಿತು, ಇನ್ನೊಂದು ಇಳಿಯಿತು. ಆ ರಿಪೋರ್ಟ್ ನಂಬಿ ಯಾರಾದರೂ ಪೊಟ್ಯಾಸಿಯಂ ಇಳಿಸುವ ಔಷಧಿ ಕೊಟ್ಟಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ಮಿಷನ್ ನಡೆಸುವುದರಲ್ಲಿ ನಾನು ಮೇಡಂಗಿಂತ ಚುರುಕಾಗೇ ಇದ್ದೆ, ಅದು ಬೇರೆ ಮಾತು. ಅವರ ತಲೆಯಲ್ಲಿ ಟ್ಯೂಬಿನ ಹಿಂದೆ ಒಂದು ಶರೀರವಿತ್ತು, ನನ್ನ ತಲೆಯಲ್ಲಿ ಬರೀ ಅಂಕಿಯಿತ್ತು.

ಅವಸರದಲ್ಲಿ ಸಿರಿಂಜ್ ಜಗ್ಗಿದರೂ ಪೊಟ್ಯಾಸಿಯಂ ಏರುತ್ತದೆ. ಅದು ರಕ್ತದ ನೀರಿಗಿಂತ ಕೆಂಪು ಕಣಗಳ ಒಳಗೇ ಎಷ್ಟೋ ಪಟ್ಟು ಹೆಚ್ಚು. ಕಣ ಒಡೆದರೆ ಹೊರಗೆ ಸೋರುತ್ತದೆ. ಶುಗರ್ ಟೆಸ್ಟಿಗೆ ತೆಗೆದ ರಕ್ತವನ್ನು ಸುಮ್ಮನೆ ಇಟ್ಟರೆ ಅದರಲ್ಲಿರುವ ಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಹೊತ್ತು ಹೋದಂತೆ ಅಂಕಿ ಇಳಿಯುತ್ತದೆ, ಸಕ್ಕರೆ ಕಾಯಿಲೆಯವರಿಗೆ ‘ನಾರ್ಮಲ್’ ಅಂತ ಸಿಹಿಸುದ್ದಿ!

ಉಳಿದ ವಿಭಾಗಗಳಲ್ಲೂ ಇದೇ ಕಥೆ. ಎಕ್ಸ್‌ರೇ ಕೋಣೆಯಲ್ಲಿ ‘ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ’ ಅನ್ನುವುದನ್ನು ನೀವೂ ಕೇಳಿರುತ್ತೀರಿ. ಉಸಿರೆಳೆದಾಗ ವಪೆ ಕೆಳಗಿಳಿದು ಶ್ವಾಸಕೋಶ ಪೂರ್ತಿ ಅರಳುತ್ತದೆ, ಚಿತ್ರ ನಿಚ್ಚಳವಾಗುತ್ತದೆ. ಮದುವೆ ಮನೆಯಿಂದ ಸೀದಾ ಆಸ್ಪತ್ರೆಗೆ ಬಂದ ಹೆಂಗಸಿನ ಕಪ್ಪು ಮದರಂಗಿಯ ಬೆರಳಿಗೆ ಕ್ಲಿಪ್ ಹಾಕಿದರೆ ಆಮ್ಲಜನಕದ ಅಂಕಿ ತಪ್ಪಾಗಬಹುದು. ಆ ಯಂತ್ರ ಬೆರಳಿನ ಮೂಲಕ ಹಾಯುವ ಬೆಳಕನ್ನು ಅಳೆಯುತ್ತದೆ ಎಂದು ಗೊತ್ತಿರುವ ಹುಡುಗಿ ಗಾಬರಿಯಾಗದೆ ಕಿವಿಯ ಹಾಲೆ ಹುಡುಕುತ್ತಾಳೆ.

ಹಾಗಾದರೆ ಓದುವುದು ಹೇಗೆ? ಪುಟ್ಟಿಗೆ ನಾನು ಹೇಳಿದ್ದು: ಪುಸ್ತಕ ಮುಚ್ಚು, ನಿನ್ನ ಮೈಯನ್ನೇ ಪುಸ್ತಕ ಮಾಡ್ಕೋ. ಮಲಗಿದ್ದಾಗ ನಾಡಿ ಎಣಿಸು, ಮೆಟ್ಟಿಲು ಹತ್ತಿಳಿದು ಎಣಿಸು, ಯಾಕೆ ಹೆಚ್ಚಾಯ್ತು ಅಂತ ಹುಡುಕು. ಮೊಣಕೈ ಮಡಿಕೆಯಲ್ಲಿ ರಕ್ತನಾಳ ಮುಟ್ಟಿ ನೋಡಿ, ಅಲ್ಲಿಂದ ರಕ್ತ ಹೃದಯಕ್ಕೆ, ಶ್ವಾಸಕೋಶಕ್ಕೆ, ಮತ್ತೆ ಹೃದಯಕ್ಕೆ ಹೋಗುವ ದಾರಿಯನ್ನು ನೋಡದೆ ಬರಿ. ತಪ್ಪಾದರೆ ಮತ್ತೆ ಬರಿ. ಆಮೇಲೆ ಅಮ್ಮನಿಗೆ ಫೋನ್ ಮಾಡಿ ಕನ್ನಡದಲ್ಲಿ ವಿವರಿಸು. ಅಮ್ಮನಿಗೆ ಅರ್ಥವಾದರೆ ನಿನಗೂ ಆಗಿದೆ ಅಂತ ಲೆಕ್ಕ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಹೆಸರುಗಳದ್ದೇ ದೊಡ್ಡ ಭಯ. ಅಯ್ಯೋ, ಅವು ಇಂಗ್ಲಿಷ್ ಮನೆಯ ಮಕ್ಕಳಿಗೂ ಹೊಸವೇ! ಬಹುಪಾಲು ಗ್ರೀಕ್, ಲ್ಯಾಟಿನ್ ಪದಗಳು. ಬಿಡಿಸಿ ಓದಿದರೆ ಸುಲಭ. ಹೆಪಾಟ್ ಎಂದರೆ ಯಕೃತ್ತು, ನೆಫ್ರ್ ಎಂದರೆ ಮೂತ್ರಪಿಂಡ, ಕೊನೆಗೆ ಐಟಿಸ್ ಬಂದರೆ ಉರಿಯೂತ. ಹೆಪಟೈಟಿಸ್, ನೆಫ್ರೈಟಿಸ್ ತಾವಾಗೇ ಬಾಯಿಗೆ ಬರುತ್ತವೆ.

‘ಹೆಣ ನೋಡಬೇಕಂತೆ’ ಎಂದು ಅಕ್ಕ ಪಿಸುಗುಟ್ಟಿದ್ದೂ ಉಂಟು. ಇಂಥ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಮೇಷ್ಟ್ರು ತೋರಿಸುತ್ತಾರೆ, ಮಕ್ಕಳು ನೋಡುತ್ತಾರೆ. ಆ ಮೇಜಿನ ಮೇಲಿರುವವರೂ ಯಾರದೋ ಮನೆಯವರು. 2010ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು, ದೇಹದಾನ ಮಾಡಿದ್ದ ತಮ್ಮ ತಂದೆ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರ ದೇಹವನ್ನು ತಾವೇ ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದರು. ಇದನ್ನು ಹೇಳಿದ ಮೇಲೆ ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇನ್ನೂ ಕಾಲೇಜು ಹುಡುಕುತ್ತಿರುವ ತಾಯಂದಿರಿಗೆ ಒಂದು ಮಾತು. ಬಣ್ಣದ ಕರಪತ್ರದಲ್ಲಿರುವ ಮಿಷನ್ ಫೋಟೋ ನೋಡಿ ಮರುಳಾಗಬೇಡಿ. ಅನಾಟಮಿ ಎಲ್ಲಿ ಕಲಿಸುತ್ತೀರಿ, ಕಲಿಸುವವರು ಯಾರು, ತರಬೇತಿಗೆ ಯಾವ ಆಸ್ಪತ್ರೆ ಎಂದು ಕೇಳಿ. ಪದವಿಯಾದರೆ ಯಾವ ವಿಶ್ವವಿದ್ಯಾಲಯದ್ದು, ಡಿಪ್ಲೊಮಾ ಆದರೆ ಪ್ಯಾರಾಮೆಡಿಕಲ್ ಮಂಡಳಿಯ ಮಾನ್ಯತೆ ಇದೆಯೇ ಎಂಬುದನ್ನು ಕಾಗದದಲ್ಲೇ ನೋಡಿ. ಈ ವೃತ್ತಿಗಳಿಗೆಂದೇ 2021ರಲ್ಲಿ ಕೇಂದ್ರ ಕಾಯ್ದೆ ಬಂದಿದೆ, ಮಾನ್ಯತೆಯಿಲ್ಲದ ಸರ್ಟಿಫಿಕೇಟ್ ಹಿಡಿದು ಆಮೇಲೆ ಪರದಾಡುವಂತಾಗಬಾರದು.

ಹಾಂ, ಮರೆಯುವ ಮುಂಚೆ ಇನ್ನೊಂದು. ಆಸ್ಪತ್ರೆ ತರಬೇತಿ ಶುರುವಾಗುವ ಮೊದಲೇ ಮಗಳಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ಮೂರು ಡೋಸ್ ಬೇಕು, ಮುಗಿಯಲು ಆರು ತಿಂಗಳು ಹಿಡಿಯುತ್ತದೆ. ಪುಟ್ಟಿಯದು ಎರಡು ಡೋಸ್ ಆಗಿದೆ. ಮೂರನೆಯದಕ್ಕೆ ಊರಿಗೆ ಬಂದಾಗ ಅಮ್ಮನಿಗೆ ಮೂತ್ರಪಿಂಡದ ಪಾಠ ಮಾಡುತ್ತಾಳಂತೆ.